ಕಾಫಿ ಕುಡಿದ ಮೇಲೆ ಖೌಲಾ ಕೇಳಿದ್ದು

ನಮ್ಮ ಶಾಲೆಯಲ್ಲಿ ಮಿಸ್ ಖೌಲಾಳಿಗೆ ತನ್ನದೇ ಅಂತ ಕೋಣೆ ಇರಲಿಲ್ಲ. ಪುಸ್ತಕದ ಕೋಣೆಗೆ ಎರಡು ಕಪಾಟು ಅಡ್ಡ ಇಟ್ಟು, ಕಿಟಕಿಯ ಕಡೆಯ ಭಾಗವನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಒಂದು ಮೇಜು, ಕೆಲವು ಕುರ್ಚಿ, ಚಳಿಗಾಲಕ್ಕೊಂದು ಗ್ಯಾಸ್ ಹೀಟರು, ಅಷ್ಟೇ. ಆ ಕೋಣೆಯ ಬೀಗದಕೈ ನನ್ನ ಹತ್ತಿರ ಇರುತ್ತಿತ್ತು. ನಾನು ಅಲ್ಲಿ ಆಯಾ. ಗೇಟು ತೆಗೆಯುವುದು, ಗುಡಿಸುವುದು, ಟೀಚರುಗಳಿಗೆ ಚಹಾ ಕೊಡುವುದು ನನ್ನ ಕೆಲಸ. ಬಿಡುವಾದಾಗ ಕಪಾಟಿನ ಈಚೆ ಕೂತು ಓದುತ್ತಿದ್ದೆ, ಮಧ್ಯಾಹ್ನದ ನಮಾಜನ್ನೂ ಅಲ್ಲೇ ಮಾಡುತ್ತಿದ್ದೆ. ಮಕ್ಕಳು ಖೌಲಾಳ ಹತ್ತಿರ ಮಾತಾಡಲು ಬಂದರೆ ಎದ್ದು ಹೊರಗೆ ಹೋಗುತ್ತಿದ್ದೆ. ಟೀಚರುಗಳು ಬಂದಾಗ ಮಾತ್ರ ಅವಳು, "ನೀವು ಇರಿ ಅಕ್ಕ, ಇವರಿಗೆ ಚಹಾ ಇಲ್ದೆ ಮಾತು ಹೊರಡಲ್ಲ" ಎನ್ನುತ್ತಿದ್ದಳು.

ಜೋರ್ಡಾನಿನ ಸರ್ಕಾರಿ ಶಾಲೆಗಳಲ್ಲಿ ಸಮಾಲೋಚಕಿ ಅಂತ ಒಂದು ಹುದ್ದೆ ಇದೆ. ಮಕ್ಕಳ ಕಷ್ಟಸುಖ ಕೇಳಲಿಕ್ಕೆ, ಆ ಬಗ್ಗೆ ಟೀಚರುಗಳ ಹತ್ತಿರ, ಮನೆಯವರ ಹತ್ತಿರ ಮಾತಾಡಲಿಕ್ಕೆ. ಅಜ್ಲೂನಿನ ನಮ್ಮ ಹುಡುಗಿಯರ ಶಾಲೆಗೆ ಆ ಕೆಲಸಕ್ಕೆ ಬಂದವಳು ಖೌಲಾ. ಇದೇ ಊರಿನವಳು, ಕೋಟೆಯ ಕೆಳಗಿನ ಓಣಿಯ ಮನೆಯ ಮಗಳು. ಕುಳ್ಳಗೆ, ದುಂಡಗೆ ಇದ್ದಳು. ನಡೆಯುವಾಗ ಯಾವಾಗಲೂ ಎಲ್ಲಿಗೋ ತಡವಾದವಳ ಹಾಗೆ ಓಡುನಡಿಗೆ. ಕೂತಳೆಂದರೆ ಮಾತ್ರ ಬೇರೆಯೇ ಹೆಂಗಸು. ಒಂದು ಪ್ರಶ್ನೆ ಕೇಳಿ, ಕೈ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನಾಗಿಬಿಡುತ್ತಿದ್ದಳು. ನಮ್ಮೂರಲ್ಲಿ ಇಬ್ಬರು ಹೆಂಗಸರು ಕೂತ ಕಡೆ ಮಾತು ನಿಂತರೆ ಒಳಗೆ ಯಾರೋ ತೀರಿಹೋಗಿದ್ದಾರೆಂದು ಆಚೆ ಮನೆಯವರು ಓಡಿ ಬರುತ್ತಾರೆ. ಆ ಮೌನವನ್ನು ತಡೆದುಕೊಳ್ಳಲಾರದೆ ಎದುರಿಗೆ ಕೂತವರು ಏನಾದರೂ ಹೇಳಿಯೇ ಬಿಡುತ್ತಿದ್ದರು. ಎಷ್ಟೋ ಸಲ ತಾವೇ ಅಂದುಕೊಂಡಿರದೆ ಇದ್ದದ್ದನ್ನು.

ಮೊದಲ ವರ್ಷಗಳಲ್ಲಿ ಅವಳು ಹೀಗಿರಲಿಲ್ಲ. ಎಲ್ಲರ ಹಾಗೆ ಬುದ್ಧಿ ಹೇಳುತ್ತಿದ್ದಳು. ಆಮೇಲೊಂದು ಬೇಸಿಗೆ ಅಮ್ಮಾನಿಗೆ ತರಬೇತಿಗೆ ಹೋಗಿಬಂದಳು. ಬಂದವಳೇ ಕುರ್ಚಿಯನ್ನು ಕಪಾಟಿನ ಈಚೆ ಎಳೆದುಕೊಂಡು ನನಗೆ ಹೇಳಿದ್ದಳು, "ಅಕ್ಕ, ಕಷ್ಟ ಏನು, ಯಾರಿಂದ ಬಂತು, ಯಾಕೆ ಬಂತು ಅಂತ ಅಗೀತಾ ಕೂರೋ ಬದಲು, ಆ ಕಷ್ಟ ಇಲ್ಲದ ಹೊತ್ತು ಯಾವುದು ಅಂತ ಹುಡುಕ್ಬೇಕಂತೆ. ಆ ಹೊತ್ತಲ್ಲಿ ಏನು ನಡೀತಿದೆಯೋ ಅದನ್ನೇ ಇನ್ನೊಂಚೂರು ಜಾಸ್ತಿ ಮಾಡ್ಬೇಕಂತೆ."

"ಅಷ್ಟೇನಾ?" ಅಂದೆ.

"ಅಷ್ಟೇ. ಆದ್ರೆ ಬಾಯಿಗೆ ಅಭ್ಯಾಸ ಆಗ್ಬೇಕಲ್ಲ."

ಬಾಯಿಗೆ ಅಭ್ಯಾಸ ಮಾಡಿಕೊಂಡಿದ್ದು ಮನೆಯಲ್ಲಿ, ಅತ್ತೆಯ ಮೇಲೆ. ಒಂದು ಶುಕ್ರವಾರ ಅನ್ನ ತುಂಬುವುದಕ್ಕೆ ಎಳೆ ಸೋರೆಕಾಯಿಗಳ ತಿರುಳು ಕೊರೆಯುತ್ತಾ ಕೂತಿದ್ದರಂತೆ. ಅತ್ತೆ, "ಈ ಮೊಣಕಾಲು ನನ್ನ ಜೀವ ತಿಂತಿದೆ" ಅಂದರು. ಖೌಲಾ ಕೇಳಿದಳು, "ಅತ್ತೆ, ನೋವು ಸ್ವಲ್ಪ ಕಮ್ಮಿ ಅನ್ಸೋದು ಯಾವಾಗ?" ಅತ್ತೆ ತಲೆ ಎತ್ತದೆ, "ನೀನು ಪ್ರಶ್ನೆ ಕೇಳೋದು ಬಿಟ್ಟು ಎದ್ದು ಕೆಲಸ ಮಾಡ್ದಾಗ" ಅಂದರು. ಈ ಕಥೆಯನ್ನು ಖೌಲಾ ತಾನೇ ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು.

ಅಮ್ಮಾನಿನಲ್ಲಿ ಅವಳಿಗೆ ಇನ್ನೊಂದು ಪ್ರಶ್ನೆ ಕಲಿಸಿದ್ದರು. ಇವತ್ತು ರಾತ್ರಿ ನೀವು ಮಲಗಿದ್ದಾಗ ಒಂದು ಪವಾಡ ನಡೆದು ಕಷ್ಟ ಮಾಯವಾಯಿತು, ಬೆಳಿಗ್ಗೆ ಎದ್ದಾಗ ನಿಮಗೆ ಅದು ಹೇಗೆ ಗೊತ್ತಾಗುತ್ತದೆ, ಅಂತ. ಖೌಲಾ ಒಬ್ಬ ತಾಯಿಗೆ ಇದನ್ನು ಕೇಳಿದಳು. ಆ ತಾಯಿ ಗಾಬರಿಯಾಗಿ, "ಪವಾಡ ಅನ್ನೋದು ಪ್ರವಾದಿಗಳಿಗೆ ಮಾತ್ರ ಮಿಸ್, ನಂಗ್ಯಾಕೆ ಪಾಪ ಸುತ್ತಿಸ್ತೀರಿ" ಅಂದಳು. ಖೌಲಾ ಅವತ್ತು ನಮಾಜು ಮುಗಿಸಿದ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂತುಕೊಂಡು ಆ ಪ್ರಶ್ನೆಯನ್ನು ಬಗೆಬಗೆಯಾಗಿ ತಿರುಗಿಸಿ ನೋಡಿದಳು. ಕಷ್ಟದಲ್ಲಿ ಇರುವವರಿಗೆ ನಾವು ದಿನಾ ಹೇಳುವ ಮಾತೊಂದು ಇದೆಯಲ್ಲ, ಅಲ್ಲಾಹ್ ದಾರಿ ಬಿಡಿಸಲಿ ಅಂತ. ಕೊನೆಗೆ ಅದನ್ನೇ ಹಿಡಿದಳು. "ಅಲ್ಲಾಹ್ ದಾರಿ ಬಿಡಿಸಿದ ಅಂತಿಟ್ಕೊಳ್ಳಿ. ಬೆಳಿಗ್ಗೆ ಏನು ಕಾಣ್ತದೆ?" ಈ ಪ್ರಶ್ನೆಗೆ ಯಾರೂ ಗಾಬರಿಯಾಗಲಿಲ್ಲ. ಅದು ಅವರ ಮನೆಯ ಮಾತೇ ಆಗಿತ್ತು.

ಟೀಚರುಗಳ ಕಥೆ ಬೇರೆ. ಅವರು ಅವಳಿಗೆ 'ಹತ್ತರ ಮಿಸ್' ಅಂತ ಹೆಸರಿಟ್ಟಿದ್ದರು, ಒಂದರಿಂದ ಹತ್ತರವರೆಗೆ ಎಷ್ಟು ಅಂತ ಎಲ್ಲದಕ್ಕೂ ಕೇಳುತ್ತಾಳೆ ಅಂತ. ಆರನೇ ತರಗತಿಯ ಮಿಸ್ ಸಮೀಹಾ ನನ್ನ ಕೈಯಿಂದ ಚಹಾ ತೆಗೆದುಕೊಳ್ಳುವಾಗಲೂ, "ಇವತ್ತು ಸಕ್ಕರೆ ಹತ್ತಕ್ಕೆ ನಾಲ್ಕು, ಉಮ್ಮು ಇಯಾದ್" ಎಂದು ಖೌಲಾಳಿಗೆ ಕೇಳಿಸುವಂತೆ ಹೇಳುತ್ತಿದ್ದಳು. ಊರವರೆಲ್ಲ ನನ್ನನ್ನು ಕರೆಯುವುದು ಹಾಗೆ, ಇಯಾದನ ತಾಯಿ ಅಂತ. ಸಮೀಹಾ ಕೆಟ್ಟವಳಲ್ಲ. ನಲವತ್ತು ಹುಡುಗಿಯರ ಕ್ಲಾಸು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಅವಳಿಗೆ ಸುಸ್ತಾಗಿತ್ತು.

ಸಮೀಹಾಳ ಕ್ಲಾಸಿನಲ್ಲೇ ಇದ್ದಳು ವಿದಾದ್.

ಆ ವರ್ಷ ಶಾಲೆ ಶುರುವಾದ ಕೆಲವೇ ದಿನಗಳಲ್ಲಿ ವಿದಾದ್ ಗೇಟಿನಲ್ಲಿ ನಿಲ್ಲತೊಡಗಿದಳು. ಅವಳ ಅಪ್ಪ ಅಬೂ ಜುಹೈರ್ ಇರ್ಬಿದ್ ದಾರಿಯಲ್ಲಿ ಮಿನಿಬಸ್ ಓಡಿಸುತ್ತಾನೆ. ಬೆಳಿಗ್ಗೆಯ ಟ್ರಿಪ್ಪಿಗೆ ಹೋಗುವಾಗ ಅವಳನ್ನು ಇಳಿಸಿ ಹೋಗುತ್ತಿದ್ದ. ಹುಡುಗಿ ಗೇಟಿನ ಕಬ್ಬಿಣ ಹಿಡಿದು ನಿಲ್ಲುವಳು, ಮುಖ ಬೆಳ್ಳಗಾಗುವುದು, ಹೊಟ್ಟೆ ಹಿಡಿದುಕೊಂಡು ಗೋಡೆಯ ಬುಡದಲ್ಲಿ ವಾಂತಿ ಮಾಡುವಳು. ಬಾಯಿ ತೊಳೆಸಿ ಒಳಗೆ ಕರೆತಂದರೆ ಇಡೀ ದಿನ ಮಾತಿಲ್ಲ. ಕೆಲವು ದಿನ ಅಪ್ಪನ ಬಸ್ಸಿಂದ ಇಳಿಯುತ್ತಲೇ ಇರಲಿಲ್ಲ. ಇರ್ಬಿದ್ದಿನ ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಆವಾಗಿನಿಂದ ಸ್ಟಾಫ್ ರೂಮಿನಲ್ಲಿ ಅವಳ ಹೆಸರು 'ಹಠಮಾರಿ' ಅಂತ ಆಯಿತು.

ಖೌಲಾ ಸಮೀಹಾಳನ್ನು ಕರೆದು ಕೇಳಿದಳು, "ಅವಳು ಚೆನ್ನಾಗಿದ್ದ ಒಂದು ದಿನ ಹೇಳಿ."

"ಒಂದೂ ಇಲ್ಲ."

"ಸ್ವಲ್ಪ ಕಮ್ಮಿ ಕೆಟ್ಟದಾಗಿದ್ದ ದಿನ?"

"ಖೌಲಾ, ನೀನು ಇಲ್ಲಿ ಕೂತು ಒಳ್ಳೆ ದಿನ ಹುಡುಕು. ನಂಗೆ ಮೇಲ್ಗಡೆ ವ್ಯಾಕರಣ ಮುಗಿಸೋದಿದೆ." ಚಹಾ ಅರ್ಧ ಬಿಟ್ಟು ಎದ್ದು ಹೋದಳು.

ವಿದಾದಳ ಹತ್ತಿರವೂ ಖೌಲಾ ಮಾತಾಡಿದಳು, ಹೆಚ್ಚೇನೂ ಸಿಗಲಿಲ್ಲ. ಅಪ್ಪನನ್ನು ಬರಹೇಳಿದರೆ ಅವನು ಬರಲಿಲ್ಲ. ಶಾಲೆಯಿಂದ ಬಂದ ಪ್ರತಿ ಫೋನಿನಲ್ಲೂ ಅವನಿಗೆ ಸಿಕ್ಕಿದ್ದು ಬೈಗುಳವೇ. ಮಗಳು ನಾಟಕ ಮಾಡ್ತಾಳೆ ಅಂತ ಸಮೀಹಾ ಅಂದಿದ್ದು ಅವನ ಎದೆಗೆ ನಾಟಿತ್ತು. ಕೊನೆಗೆ ಅವನು ವರ್ಗಾವಣೆ ಪತ್ರ ಕೇಳಿ ಕಳುಹಿಸಿದ. ಹುಡುಗಿಯನ್ನು ಕಣಿವೆಯಾಚೆ ಅಜ್ಜಿಯ ಹಳ್ಳಿಯಲ್ಲಿ ಬಿಡುತ್ತಾನಂತೆ. ಆ ಹಳ್ಳಿಯಲ್ಲಿ ಶಾಲೆ ಇರುವುದು ಆರನೆಯವರೆಗೆ ಮಾತ್ರ. ವಿದಾದಳ ಅಕ್ಕನೂ ಹಾಗೆಯೇ ಅಜ್ಜಿಯ ಮನೆಗೆ ಹೋಗಿ, ಆರು ಮುಗಿಸಿ, ಆಮೇಲೆ ಕುರಿ, ಒಲೆ, ಮದುವೆ ಅಂತ ಆಗಿಹೋಗಿದ್ದಳು. ಪತ್ರ ಕೊಡುವುದೆಂದರೆ ಏನು ಅಂತ ನಮಗೆಲ್ಲ ಗೊತ್ತಿತ್ತು. ಹೆಡ್ ಮಿಸ್ ಫಿರ್ಯಾಲ್ ವರ್ಷದ ನಡುವೆ ಕೊಡುವುದಿಲ್ಲ ಎಂದಳು. ಅವನು ಮತ್ತೆ ಕೇಳಿ ಕಳುಹಿಸಿದ, ಅವಳು ಮತ್ತೆ ಇಲ್ಲ ಅಂದಳು.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ, ಹುಡುಗಿಯರೆಲ್ಲ ಮನೆಗೆ ಹೋದ ಮೇಲೆ, ಗೇಟು ಬಡಿದ ಸದ್ದಾಯಿತು. ತೆಗೆದರೆ ಹಾಜಿ ಮುಫ್ಲಿಹ್. ಉಣ್ಣೆಯ ನಿಲುವಂಗಿ, ಬಿಳಿ ರುಮಾಲು, ಕೈಯಲ್ಲಿ ಕೋಲು. ಹಿಂದೆ ಇನ್ನಿಬ್ಬರು ಹಿರಿಯರು. ಎರಡು ಮನೆಗಳ ಜಗಳ ಬಿಡಿಸಲಿಕ್ಕೆ, ಹೆಣ್ಣು ಕೇಳಲಿಕ್ಕೆ, ರಾಜಿ ಮಾಡಿಸಲಿಕ್ಕೆ ಊರಲ್ಲಿ ಮುಂದೆ ನಿಲ್ಲುವವರು ಇವರು. ಹುಡುಗಿಯರ ಶಾಲೆಗೆ ಗಂಡಸರು ಸುಮ್ಮನೆ ಬರುವುದಿಲ್ಲ. ನಾನು ತಲೆವಸ್ತ್ರ ಸರಿಮಾಡಿಕೊಂಡು ಅವರನ್ನು ಹೆಡ್ ಮಿಸ್ಸಿನ ಕೋಣೆಗೆ ಕರೆದೊಯ್ದೆ.

ಹೆಡ್ ಮಿಸ್ಸಿಗೆ ಅವರು ಯಾಕೆ ಬಂದಿದ್ದಾರೆಂದು ಗೊತ್ತು ಅನ್ನಿಸಿತ್ತು. ಶಾಲೆಯ ಅಂಗಳದ ನೀರು ಹಾಜಿಯ ಆಲಿವ್ ತೋಟಕ್ಕೆ ನುಗ್ಗುತ್ತದೆಂದು ಅವರದೊಂದು ಹಳೆಯ ತಕರಾರಿತ್ತು. ಅವಳು ಮೆಲ್ಲಗೆ, "ಮೋರಿ ವಿಷಯ ಇರ್ಬೇಕು. ಚಹಾ ಬೇಡ, ಕಾಫಿ ತನ್ನಿ" ಅಂದಳು. ಏಲಕ್ಕಿ ಹಾಕಿ ಕಹಿ ಕಾಫಿ ಕಾಯಿಸಿ ತಂದೆ. ಅಷ್ಟರಲ್ಲಿ ಸಮೀಹಾ ಪುಸ್ತಕದ ಕಟ್ಟು ಇಡಲಿಕ್ಕೆ ಬಂದವಳು ಅಲ್ಲೇ ಉಳಿದಿದ್ದಳು. ಬಸ್ಸಿಗೆ ಓಡುತ್ತಿದ್ದ ಖೌಲಾಳನ್ನು ಹೆಡ್ ಮಿಸ್ ಕೂರಿಸಿಕೊಂಡಿದ್ದಳು, ಗಂಡಸರ ಮುಂದೆ ತಾನೊಬ್ಬಳೇ ಬೇಡ ಅಂತ.

ಹಾಜಿಯ ಕೈಗೆ ಮೊದಲ ಬಟ್ಟಲು ಕೊಟ್ಟೆ. ಅವರು ಅದನ್ನು ತುಟಿಗೆ ಒಯ್ಯದೆ ಎದುರಿನ ಮೇಜಿನ ಮೇಲೆ ಇಟ್ಟರು. ಉಳಿದಿಬ್ಬರೂ ಹಾಗೆಯೇ ಇಟ್ಟರು.

ಬಂದ ಹಿರಿಯರು ಕಾಫಿ ಮುಟ್ಟದೆ ಕೂತರೆಂದರೆ ಏನೋ ಕೇಳಲಿಕ್ಕೆ ಬಂದಿದ್ದಾರೆ, ಅದು ಆಗುವವರೆಗೆ ನಿಮ್ಮ ಮನೆಯ ಕಾಫಿ ಅವರ ಗಂಟಲಲ್ಲಿ ಇಳಿಯುವುದಿಲ್ಲ. ಅವರನ್ನು ಹಾಗೆ ಕೂರಿಸಿಕೊಂಡಿರುವುದು ಮನೆಯವರಿಗೆ ನಾಚಿಕೆಗೇಡು. ಫಿರ್ಯಾಲ್ ದೊಡ್ಡ ಮನೆತನದ ಹೆಣ್ಣು. ಅಪ್ಪನ ಪಡಸಾಲೆಯಲ್ಲಿ ಇಂಥ ಬಟ್ಟಲುಗಳನ್ನು ನೋಡುತ್ತಲೇ ಬೆಳೆದವಳು. ಅಪ್ಪನ ಮಾತೇ ಅವಳ ಬಾಯಿಂದ ಬಂದುಬಿಟ್ಟಿತು.

"ಕಾಫಿ ಕುಡೀರಿ ಹಾಜಿ. ನೀವು ಬಂದ ಕೆಲಸ ಆಯ್ತು ಅಂತ ತಿಳ್ಕೊಳ್ಳಿ."

ಹಾಜಿ ಬಟ್ಟಲೆತ್ತಿ ಕುಡಿದರು. ಉಳಿದವರೂ ಕುಡಿದರು. "ಅಲ್ಲಾಹ್ ನಿನ್ನ ಮನೆ ತುಂಬಿರಲಿ ಮಗಳೇ. ಅಪ್ಪನಿಗೆ ತಕ್ಕ ಮಗಳು ನೀನು." ಬಾಗಿಲ ಕಡೆ ತಿರುಗಿದರು. ಬಸ್ಸು ನಿಲ್ಲಿಸಿ ಅಬೂ ಜುಹೈರ್ ಆಗ ತಾನೇ ಒಳಗೆ ಬರುತ್ತಿದ್ದ. "ಬಾ ಮಗ, ಕೂತ್ಕೊ, ಕೆಲಸ ಆಯ್ತು. ವಿದಾದ್ ಪತ್ರ ಬರೆದು ಕೊಡ್ತಾರೆ."

ಹೆಡ್ ಮಿಸ್ಸಿನ ಮುಖ ನೋಡಲಾಗಲಿಲ್ಲ. ಕೊಟ್ಟ ಮಾತನ್ನು ಅವರು ಕುಡಿದಾಗಿತ್ತು. ಒಳಗೊಳಗೇ ದೇವರನ್ನು ನೆನೆದೆ.

ಸಮೀಹಾ ತಡೆಯಲಾರದೆ, "ಹೋಗ್ಲಿ ಬಿಡಿ ಮೇಡಂ. ಅಪ್ಪನಿಗೇ ಬೇಡದ ಓದು ನಮಗ್ಯಾಕೆ" ಅಂದಳು.

"ಕೇಳಿದ್ರಾ ಹಾಜಿ?" ಅಬೂ ಜುಹೈರನ ಮುಖ ಕೆಂಪಾಯಿತು. "ಇವ್ರ ಪಾಲಿಗೆ ನನ್ನ ಮಗಳು ಕಾಲಿಗೆ ಸಿಕ್ಕ ಕಲ್ಲು. ದಿನಾ ಬೆಳಿಗ್ಗೆ ಅವಳ ಬಾಯಿ ಒರೆಸೋದು ನಾನು. ಅವಳು ಅತ್ತು ಅತ್ತು ಸುಸ್ತಾಗೋದು ನೋಡೋದು ನಾನು. ಹಠ ಅಂತೆ, ನಾಟಕ ಅಂತೆ!"

"ಅಣ್ಣ," ಅಂದಳು ಖೌಲಾ. ಅಲ್ಲಿಯವರೆಗೆ ಅವಳು ಮಾತಾಡಿರಲೇ ಇಲ್ಲ. "ಮೇಡಂ ಮಾತು ಕೊಟ್ಟಿದ್ದಾರೆ. ಪತ್ರ ನಿಮಗೆ ಸಿಗ್ತದೆ. ಅದರಲ್ಲಿ ಎರಡು ಮಾತಿಲ್ಲ."

ಹೆಡ್ ಮಿಸ್ ಅವಳ ಕಡೆ ತಿರುಗಿ ನೋಡಿದಳು. ನಾನೂ ನೋಡಿದೆ.

"ಪತ್ರ ಬರೆಯೋಕೆ ಮುಂಚೆ ನಂಗೊಂದು ಸಹಾಯ ಮಾಡಿ. ಆ ಹಳ್ಳಿ ಟೀಚರ್‌ಗೆ ನಾನು ಫೋನ್ ಮಾಡಿ ವಿದಾದ್ ವಿಷಯ ಹೇಳ್ಬೇಕು. ನಾವು ಎಡವಿದ ಕಡೆ ಅವ್ರೂ ಎಡವೋದು ಬೇಡ. ಅವಳ ಬಗ್ಗೆ ನಿಮ್ಮಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ."

ಅವನು ಜಗಳಕ್ಕೆ ಸಿದ್ಧನಾಗಿ ಬಂದಿದ್ದ. ಜಗಳ ಸಿಗದೆ ಕುರ್ಚಿಯ ತುದಿಯಲ್ಲಿ ಕೂತ. "ಏನು ಹೇಳ್ಬೇಕು?"

"ಅಲ್ಲಾಹ್ ದಾರಿ ಬಿಡಿಸಿದ ಅಂತಿಟ್ಕೊಳ್ಳಿ. ಹೊಸ ಶಾಲೆಗೆ ಹೋಗೋ ದಿನ ಬೆಳಿಗ್ಗೆ ಅವಳಿಗೆ ಎಲ್ಲಾ ಸರಿಹೋಗಿದೆ. ನಿಮಗೆ ಹೇಗೆ ಗೊತ್ತಾಗ್ತದೆ?"

"ಅಳಲ್ಲ."

"ಅಳೋ ಬದಲು ಏನ್ಮಾಡ್ತಿರ್ತಾಳೆ?"

ಅವನು ಸುಮ್ಮನಾದ. ಹಾಜಿ ಏನೋ ಹೇಳಹೊರಟರು. ಖೌಲಾ ಅಬೂ ಜುಹೈರನನ್ನೇ ನೋಡುತ್ತಾ ಕೂತಿದ್ದರಿಂದ ಅವರೂ ಸುಮ್ಮನಾದರು.

"ತಿಂತಿರ್ತಾಳೆ," ಅಂದ ಕೊನೆಗೆ. ದನಿ ತಗ್ಗಿತ್ತು. "ಎಣ್ಣೆ, ಝಾತರ್ ಪುಡಿ ಹಚ್ಚಿದ ರೊಟ್ಟಿ. ಅರ್ಧ ಅವಳು ತಿಂದು, ಅರ್ಧ ಬಸ್ ಓಡಿಸ್ತಿದ್ರೂ ನನ್ನ ಬಾಯಿಗೆ ತುರುಕ್ತಾಳೆ. ರೇಡಿಯೋ ಜೊತೆ ಹಾಡ್ತಾಳೆ. ಕೆಟ್ಟದಾಗಿ ಹಾಡ್ತಾಳೆ, ಆದ್ರೆ ಜೋರಾಗಿ."

"ಹಾಗೆ ಹಾಡಿದ್ದು ಕೊನೇ ಸಲ ಯಾವಾಗ?"

"ಹೋದ ವಾರ. ಮಂಗಳವಾರ."

"ರಜೆ ಇತ್ತಾ ಅವತ್ತು?" ಸಮೀಹಾ ನಡುವೆ ಕೇಳಿದಳು.

"ಎಲ್ಲಿ ರಜೆ? ಶಾಲೆಗೆ ಬರೋವಾಗ್ಲೇ. ವೈಪರ್ ಹಾಕಿದ್ದೆ. ಅದು ಅತ್ತಿತ್ತ ಹೋದ ಹಾಗೆ ತಲೆ ಅಲ್ಲಾಡಿಸ್ತಾ ಹಾಡ್ತಿದ್ಲು."

"ಅದಕ್ಕೂ ಮುಂಚೆ?" ಖೌಲಾಳ ದನಿ ಮೊದಲಿನಷ್ಟೇ ಮೆಲ್ಲಗಿತ್ತು.

"ಅದಕ್ಕೂ ಮುಂಚೆ ಆ ಆಲಿಕಲ್ಲು ಬಿದ್ದ ದಿನ..." ಅವನು ಮಾತು ಅಲ್ಲೇ ನಿಲ್ಲಿಸಿದ. ನಮ್ಮೆಲ್ಲರ ಮುಖ ನೋಡಿದ. "ಮಳೆ ದಿನ. ಮಳೆ ಬಂದ್ರೆ ಅವಳು ಅಳಲ್ಲ. ಓಡಿಹೋಗ್ತಾಳೆ ಒಳಗೆ."

ಆ ವರ್ಷ ಮಳೆ ತಡವಾಗಿತ್ತು, ಬಂದಿದ್ದೇ ಕೆಲವು ದಿನ. ಮಳೆ ಬಂದಾಗ ನಾನು ಗೇಟಿನಲ್ಲಿ ಇರುವುದೂ ಇಲ್ಲ, ವರಾಂಡಕ್ಕೆ ನುಗ್ಗಿದ ನೀರು ತಳ್ಳುತ್ತಿರುತ್ತೇನೆ. ಯಾರು ಹೇಗೆ ಬಂದರೆಂದು ನಾನು ನೋಡಿರಲಿಲ್ಲ.

ಖೌಲಾ ಅವನ ಮಾತಿನ ಮೇಲೆ ಬೀಳಲಿಲ್ಲ. ಸಮೀಹಾಳ ಕಡೆ ತಿರುಗಿದಳು. "ಮಿಸ್ ಸಮೀಹಾ, ಆ ಮಂಗಳವಾರ ಕ್ಲಾಸಲ್ಲಿ ನಿಮ್ಮ ಕಣ್ಣಿಗೆ ಏನು ಬಿತ್ತು?"

ಏನೂ ಇಲ್ಲ ಅನ್ನಲಿಕ್ಕೆ ಸಮೀಹಾ ತುಟಿ ತೆರೆದಿದ್ದಳು. ಆಮೇಲೆ ಅವಳ ಹುಬ್ಬು ಗಂಟಾಯಿತು. "ಕೈ ಎತ್ತಿದ್ಲು," ಅಂದಳು ನಿಧಾನವಾಗಿ. "ಕಿಟಕಿ ಪಕ್ಕದ ಸಾಲಿಂದ. ಪದ್ಯ ಯಾರು ಓದ್ತೀರಿ ಅಂದಾಗ. ನಾನು ಬೇರೆ ಯಾರೋ ಅಂದ್ಕೊಂಡು... ಯಾ ಅಲ್ಲಾಹ್! ಓದಿಸಿದೆ ನಾನು ಅವಳ ಕೈಲಿ. ಚೆನ್ನಾಗೇ ಓದಿದ್ಲು."

ಅಪ್ಪ ತಲೆ ಎತ್ತಿದ. "ಓದಿದ್ಲಾ?"

"ಓದಿದ್ಲು. ನಾನು ಹೇಳ್ಬೇಕಿತ್ತು ನಿಮಗೆ."

"ಮಳೆ ದಿನ ನಮ್ಮ ಶಾಲೇಲಿ ಏನು ಬೇರೆ ಇರ್ತದೆ?" ಖೌಲಾ ಯಾರನ್ನೂ ನಿರ್ದಿಷ್ಟವಾಗಿ ನೋಡದೆ ಕೇಳಿದಳು.

"ಅಂಗಳದಲ್ಲಿ ಸಾಲು ನಿಲ್ಲಿಸಲ್ಲ," ಅಂದಳು ಹೆಡ್ ಮಿಸ್. "ರಾಷ್ಟ್ರಗೀತೆ, ವ್ಯಾಯಾಮ ಏನೂ ಇಲ್ಲ. ಬಂದವ್ರು ಬಂದ ಹಾಗೆ ನೇರ ಕ್ಲಾಸಿಗೆ."

ಹಾಜಿ ಕೋಲು ನೆಲಕ್ಕೆ ಕುಟ್ಟಿದರು. ಜಗಳ ಬಿಡಿಸಿ ಪಳಗಿದ ಮನುಷ್ಯ, ಅಪರಾಧಿ ಬೇಕಿತ್ತು. "ಹಾಗಾದ್ರೆ ಆ ಸಾಲಲ್ಲಿ ಏನೋ ಆಗಿದೆ. ಯಾರು ಏನಂದ್ರು ಮಗೂಗೆ? ಕರೆಸಿ ಅವ್ರನ್ನ!"

"ಅದು ಮುಂದೆ ಗೊತ್ತಾದ್ರೆ ಆಗ್ಲಿ ಹಾಜಿ, ಆಗ್ದಿದ್ರೆ ಬಿಡ್ಲಿ. ವಿದಾದ್ ಹೇಳ್ಬೇಕು ಅನ್ಸಿದಾಗ ಹೇಳ್ತಾಳೆ. ನಾಳೆ ಬೆಳಿಗ್ಗೆಗೆ ನಮಗೆ ಅದು ಬೇಕಾಗಿಲ್ಲ." ಮತ್ತೆ ಅಪ್ಪನ ಕಡೆ ತಿರುಗಿ, "ಹತ್ತು ಅಂದ್ರೆ ಆ ಮಂಗಳವಾರ. ಒಂದು ಅಂದ್ರೆ ಅತೀ ಕೆಟ್ಟ ದಿನ. ಈಗ ನಿಮ್ಮ ಮನಸ್ಸು ಎಷ್ಟರಲ್ಲಿದೆ?"

ಸಮೀಹಾ ನಗಲಿಲ್ಲ.

"ಒಳಗೆ ಬರೋವಾಗ ಒಂದು. ಈಗ... ಮೂರು ಅನ್ನಿ. ಪದ್ಯ ಓದಿದ್ಲು ಅಂದ್ರಲ್ಲ."

"ನಾಲ್ಕು ಆಗ್ಬೇಕಾದ್ರೆ ಏನಾಗ್ಬೇಕು?"

"ನಾಳೆ ಮಳೆ ಇಲ್ಲ. ಆದ್ರೂ ಅವಳು ಗೇಟು ದಾಟಿದ್ರೆ."

ಈ ಸಲ ಮೌನವನ್ನು ಮುರಿದವಳು ಸಮೀಹಾ. "ಅಡುಗೆ ಕೋಣೆ ಪಕ್ಕದ ಬಾಗಿಲಿಂದ ಬರ್ಲಿ. ಅಲ್ಲಿಂದ ಮೆಟ್ಟಿಲು ಹತ್ತಿದ್ರೆ ನೇರ ನಮ್ಮ ಕ್ಲಾಸು, ಅಂಗಳಕ್ಕೆ ಕಾಲಿಡೋದೇ ಬೇಡ. ನಾನು ಬೇಗ ಬಂದಿರ್ತೀನಿ. ಬೋರ್ಡ್ ಮೇಲೆ ದಿನದ ಪಾಠ ಬರೆಯೋಕೆ ನಂಗೆ ಒಬ್ಳು ಬೇಕೇ ಬೇಕು." ಆಮೇಲೆ ಸಪ್ಪೆಯಾಗಿ, "ಅವ್ಳು ಹೋಗೋದಾದ್ರೆ ಬೇರೆ ಮಾತು" ಅಂದಳು.

ಎಲ್ಲರಿಗೂ ಪತ್ರದ ನೆನಪಾಯಿತು. ಹೆಡ್ ಮಿಸ್ಸು ತಾನೇ ಎದ್ದು ಡ್ರಾಯರಿಗೆ ಕೈ ಹಾಕಿದಳು. ಮಾತು ಕೊಟ್ಟ ಮೇಲೆ ಮುಗಿಯಿತಲ್ಲ.

ಹಾಜಿ ಅಬೂ ಜುಹೈರನನ್ನು ನೋಡಿದರು. "ಏನಂತೀಯ ಮಗ? ಈ ಮಾತು ನಾನು ತಗೊಂಡಿದ್ದು ನಿನಗೋಸ್ಕರ. ಇಟ್ಕೊಳ್ಳೋನೂ ನೀನೇ, ವಾಪಸ್ ಕೊಡೋನೂ ನೀನೇ. ಮಾತು ಕೊಟ್ಟವಳು ಇನ್ನು ಬಾಯಿ ಬಿಡೋ ಹಾಗಿಲ್ಲ."

ಅವನು ಬಹಳ ಹೊತ್ತು ಎರಡೂ ಕೈಯಿಂದ ಬಸ್ಸಿನ ಕೀಲಿಗೊಂಚಲು ತಿರುಗಿಸುತ್ತಾ ಕೂತಿದ್ದ. ನನ್ನ ತುಟಿ ತಾನಾಗಿ ಅಲ್ಲಾಡುತ್ತಿತ್ತು.

"ನಾಳೆ ಆ ಬಾಗಿಲಿಂದ ಕರ್ಕೊಂಡು ಬರ್ತೀನಿ," ಅಂದ. "ಪತ್ರ ಬೇಡ. ಮೇಡಂ ಮಾತು ಮೇಡಂಗೆ ವಾಪಸ್."

ಹೆಡ್ ಮಿಸ್ ಡ್ರಾಯರು ಮುಚ್ಚಿದಳು. ಹಾಜಿ ನಿಲುವಂಗಿ ಸರಿಪಡಿಸಿಕೊಂಡು ಎದ್ದು, "ಮಾತು ವಾಪಸ್ ಮಗಳೇ. ಆದ್ರೆ ನಾವು ಕೇಳೋಕೆ ಮುಂಚೇನೇ ಫಿರ್ಯಾಲ್ ಮಾತು ಕೊಟ್ಟಳು ಅಂತ ನಾನು ಊರೆಲ್ಲ ಹೇಳ್ತೀನಿ" ಅಂದರು. ಬಾಗಿಲ ತನಕ ಹೋಗಿ ನಿಂತರು. "ಅಂದ ಹಾಗೆ ಆ ಮೋರಿ ನೀರು..."

"ಹಾಜಿ, ಇನ್ನು ಮೇಲೆ ಮೊದ್ಲು ಕೆಲಸ ಹೇಳಿ, ಆಮೇಲೆ ಕಾಫಿ!" ಅಂದಳು ಹೆಡ್ ಮಿಸ್.

ಆ ಇಬ್ಬರು ಹಿರಿಯರು, ಅಲ್ಲಿಯವರೆಗೆ ಒಂದು ಮಾತೂ ಆಡದವರು, ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕೆವು. ಅಬೂ ಜುಹೈರನೂ ನಕ್ಕ, ಕಣ್ಣು ಒರೆಸಿಕೊಳ್ಳುತ್ತಾ.

ಅವರು ಹೋದ ಮೇಲೆ ಖೌಲಾ ಪುಸ್ತಕದ ಕೋಣೆಗೆ ಬಂದು ಚಪ್ಪಲಿ ಬಿಟ್ಟು ನನ್ನ ಚಾಪೆಯ ಮೇಲೆ ಕೂತಳು. "ಅಕ್ಕ, ಚಹಾ ಇದ್ರೆ ಕೊಡಿ. ಸಕ್ಕರೆ ಜಾಸ್ತಿ ಹಾಕಿ."

"ಪತ್ರ ಬರೆಯೋದು ತಪ್ಪಿಸೋಕೆ ಎಂಥಾ ದಾರಿ ಹುಡುಕಿದೆ ನೀನು!" ಅಂದೆ.

ಅವಳು ತಲೆಯಾಡಿಸಿದಳು. "ತಪ್ಪಿಸೋಕೆ ಅಲ್ಲ ಅಕ್ಕ. ಬರೆದೇ ಬರೀತಾರೆ ಅಂದ್ಕೊಂಡಿದ್ದೆ. ಎಲ್ಲಿಗೆ ಹೋದ್ರೂ ಆ ಮಗುಗೆ ಒಂದು ಒಳ್ಳೆ ಬೆಳಿಗ್ಗೆ ಸಿಗ್ಲಿ ಅಂತ ಕೇಳ್ದೆ, ಅಷ್ಟೇ." ಅವಳು ಸುಳ್ಳು ಹೇಳುವವಳಲ್ಲ. ಚಹಾ ಕುಡಿದು, ಬಸ್ಸು ತಪ್ಪಿದ್ದು ನೆನಪಾಗಿ, ಅಯ್ಯೋ ಎಂದು ಎದ್ದು ಓಡಿದಳು. ಗೇಟಿನ ಹೊರಗೆ ಅಬೂ ಜುಹೈರನ ಮಿನಿಬಸ್ಸು ಇನ್ನೂ ನಿಂತಿತ್ತು. ಅವಳನ್ನೂ ಸಮೀಹಾಳನ್ನೂ ಅವನೇ ಮನೆಗೆ ಬಿಟ್ಟ.

ಮರುದಿನ ಚೆನ್ನಾಗಿ ಬಿಸಿಲಿತ್ತು. ಅಡುಗೆ ಕೋಣೆಯ ಪಕ್ಕದ ಬಾಗಿಲು ತೆಗೆದು ನಿಂತೆ. ವಿದಾದ್ ಬಂದಳು, ಮುಖ ಬೆಳ್ಳಗೆ, ಕೈ ಹೊಟ್ಟೆಯ ಮೇಲೆ. ಮೆಟ್ಟಿಲ ಮೇಲೆ ಸಮೀಹಾ ಸೀಮೆಸುಣ್ಣದ ಡಬ್ಬಿ ಹಿಡಿದು ಕಾಯುತ್ತಿದ್ದಳು. ಯಾಕೆ, ಏನು ಅಂತ ಒಂದೂ ಕೇಳಲಿಲ್ಲ. "ಬೇಗ ಬಾರೆ. ನನ್ನ ಅಕ್ಷರ ಓದೋಕಾಗಲ್ಲ ಅಂತ ನಿನ್ನ ಗೆಳತಿಯರೆಲ್ಲ ನನ್ನ ಬೈತಾರೆ." ಹುಡುಗಿ ಒಂದು ಕ್ಷಣ ನಿಂತಳು. ಆಮೇಲೆ ಮೆಟ್ಟಿಲ ಮೇಲೆ ಅವಳ ಬೂಟಿನ ಸದ್ದು ಕೇಳಿಸಿತು. ಅಲ್ಹಮ್ದುಲಿಲ್ಲಾ ಅಂದೆ, ಬಾಗಿಲು ಹಾಕಿದೆ.

ಅಲ್ಲಿಂದ ಎಲ್ಲವೂ ನೇರ ಹೋಯಿತೆಂದರೆ ಸುಳ್ಳಾಗುತ್ತದೆ. ಕೆಲವು ಬೆಳಿಗ್ಗೆ ಮತ್ತೆ ವಾಂತಿಯಾಯಿತು. ಒಂದು ವಾರ ಬರಲೇ ಇಲ್ಲ. ಸಮೀಹಾ ರೇಗಿ, "ಮತ್ತೆ ಶುರು" ಅಂತ ಪುಸ್ತಕದ ಕೋಣೆಗೆ ಬಂದಾಗ ಖೌಲಾ, "ನಡುವೆ ಬಂದ ದಿನಗಳಲ್ಲಿ ಹೇಗೆ ಬಂದ್ಲು? ನೀವಿಬ್ರೂ ಏನು ಮಾಡಿದ್ರಿ ಅವತ್ತು?" ಎಂದು ಕೇಳುವಳು. ಸಮೀಹಾ ಗೊಣಗುತ್ತಾ ಹೇಳುವಳು, ಹೇಳುತ್ತಾ ತಣ್ಣಗಾಗುವಳು. ವಸಂತದ ಹೊತ್ತಿಗೆ ವಿದಾದ್ ಅಂಗಳದ ಸಾಲಿನ ತುದಿಯಲ್ಲಿ, ನನ್ನ ಪಕ್ಕದಲ್ಲಿ, ರಾಷ್ಟ್ರಗೀತೆ ಮುಗಿಯುವವರೆಗೆ ನಿಲ್ಲತೊಡಗಿದಳು. ಆಮೇಲೆ ಒಂದು ದಿನ ನನ್ನ ಪಕ್ಕ ಬಿಟ್ಟು ಗೆಳತಿಯರ ನಡುವೆ ಹೋದಳು. ಆ ಸಾಲಿನಲ್ಲಿ ಅವಳನ್ನು ಹೆದರಿಸಿದ್ದು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಖೌಲಾಳಿಗೆ ಗೊತ್ತಿರಬಹುದು. ಗೊತ್ತಿದ್ದರೂ ಹೇಳುವವಳಲ್ಲ, ನಾನು ಕೇಳಿಯೂ ಇಲ್ಲ.

ಸೆಪ್ಟೆಂಬರಿನಲ್ಲಿ ಶಾಲೆ ತೆರೆಯಿತು. ವಿದಾದ್ ಈಗ ಏಳನೇ ತರಗತಿಯವಳು. ಮೊದಲ ದಿನದ ಗದ್ದಲ. ಹೊಸ ಬ್ಯಾಗು, ಕೂಗಾಟ, ತಾಯಂದಿರು. ದೊಡ್ಡ ಗೇಟಿನಲ್ಲಿ ಖೌಲಾ ನನ್ನ ಜೊತೆ ನಿಂತಿದ್ದಳು. ಮಿನಿಬಸ್ಸು ಬಂತು, ಬಾಗಿಲು ತೆಗೆಯಿತು, ನೀಲಿ ಸಮವಸ್ತ್ರದ ಒಂದು ಹುಡುಗಿ ಹಾರಿ ಇಳಿದು ನಮ್ಮಿಬ್ಬರ ನಡುವೆ ನುಸುಳಿ ಒಳಗೆ ಓಡಿತು. ಯಾರೆಂದು ನೋಡುವಷ್ಟರಲ್ಲಿ ಗುಂಪಿನಲ್ಲಿ ಮಾಯ.

ಹಿಂದೆಯೇ ಅಬೂ ಜುಹೈರ್ ಇಳಿದು ಬಂದ, ಮುಖ ಗಂಟಿಕ್ಕಿಕೊಂಡು.

"ನೋಡಿದ್ರಾ ಮಿಸ್? ಒಂದು ಸಲಾಮ್ ಇಲ್ಲ, ಹೋಗ್ಬರ್ತೀನಿ ಅಪ್ಪ ಅನ್ನೋದಿಲ್ಲ. ನಾನೇನು ಇವಳ ಬಾಡಿಗೆ ಡ್ರೈವರಾ?"

"ಸಂಜೆ ಬೈರಿ ಅಣ್ಣ," ಅಂದಳು ಖೌಲಾ. "ಚೆನ್ನಾಗಿ ಬೈರಿ."

"ಬೈದೇ ಬೈತೀನಿ!" ಅವನು ಬಸ್ಸಿಗೆ ಹತ್ತಿ ಸ್ಟೇರಿಂಗಿನ ಮುಂದೆ ಕೂತ. ಹಿಂದೆ ಇರ್ಬಿದ್ದಿಗೆ ಹೋಗುವವರು, "ಹೊರಡಪ್ಪಾ, ತಡ ಆಯ್ತು" ಅಂತ ಕೂಗುತ್ತಿದ್ದರು. ಅವನಿಗೆ ಕೇಳಿಸಲಿಲ್ಲವೇನೋ. ಎರಡೂ ಅಂಗೈಯಿಂದ ಮುಖ ಸವರಿಕೊಂಡ, ಪ್ರಾರ್ಥನೆ ಮುಗಿದಾಗ ನಾವು ಸವರಿಕೊಳ್ಳುವ ಹಾಗೆ. ಆಮೇಲೆ ಬಸ್ಸು ಶುರು ಮಾಡಿದ.

ಗಂಟೆ ಹೊಡೆಯಿತು. ಗೇಟಿನ ಒಂದು ಬಾಗಿಲನ್ನು ಖೌಲಾ ಎಳೆದಳು, ಇನ್ನೊಂದನ್ನು ನಾನು ಎಳೆದೆ.